ಹನ್ನೊಂದು ಪ್ರಶ್ನೆ, ಒಬ್ಬ ಗವರ್ನರ್

2018ರ ನವೆಂಬರ್ 6ರ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಯಾರಾಗಬೇಕು ಅಂತ ತೀರ್ಮಾನಿಸೋದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ತಲೆ ತಿಂದಿದ್ದು ಅದೇ ಬ್ಯಾಲಟ್‌ನಲ್ಲಿದ್ದ ಹನ್ನೊಂದು ಪ್ರೊಪೊಸಿಷನ್‌ಗಳು, ಅಂದರೆ ಮತದಾರರೇ ಹೌದು ಇಲ್ಲವೇ ಬೇಡ ಅಂತ ತೀರ್ಮಾನಿಸಬೇಕಾದ ಪ್ರಸ್ತಾಪಗಳು; ಬಾಯಿಮಾತಿನಲ್ಲಿ 'ಪ್ರಾಪ್'. ಮೊಟ್ಟೆಯಿಡುವ ಕೋಳಿಗೆ ಎಷ್ಟು ಜಾಗ ಬಿಡಬೇಕು, ಆಂಬುಲೆನ್ಸ್ ಸಿಬ್ಬಂದಿ ಊಟಕ್ಕೆ ಕೂತಾಗ ಕರೆ ಬಂದರೆ ಏಳಬೇಕೋ ಬೇಡವೋ, ಡಯಾಲಿಸಿಸ್ ಕೇಂದ್ರಗಳು ಎಷ್ಟು ಲಾಭ ಮಾಡಬಹುದು, ಗಡಿಯಾರ ವರ್ಷಕ್ಕೆರಡು ಸಲ ತಿರುಗಿಸಬೇಕೆ? ಶಾಸಕರು ಕೂತು ಬಗೆಹರಿಸಬೇಕಾದ ಇಂಥ ಪ್ರಶ್ನೆಗಳನ್ನೆಲ್ಲ ಫ್ರೀಮಾಂಟಿನ ಒಂದು ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ನಾನು ಬಗೆಹರಿಸಬೇಕಿತ್ತು.

ಪೌರತ್ವದ ಪ್ರಮಾಣ ಸ್ವೀಕರಿಸಿದ್ದು ಆ ಬೇಸಿಗೆಯಲ್ಲಿ. ಹಾಗಾಗಿ ಜೂನ್‌ನ ಪ್ರೈಮರಿ ತಪ್ಪಿಹೋಗಿತ್ತು. ಆಗ ಗವರ್ನರ್ ಪಟ್ಟಿಯಲ್ಲಿ 27 ಹೆಸರುಗಳಿದ್ದವು. ಪಕ್ಷ ಯಾವುದೇ ಇರಲಿ, ಅತಿ ಹೆಚ್ಚು ಓಟು ಪಡೆದ ಇಬ್ಬರು ಮಾತ್ರ ನವೆಂಬರ್‌ಗೆ ಬರುತ್ತಾರೆ ಅನ್ನೋದು ಇಲ್ಲಿನ ನಿಯಮ. ನನ್ನ ಪಾಲಿಗೆ ಉಳಿದವರು ಡೆಮಾಕ್ರಟಿಕ್ ಪಕ್ಷದ ಗ್ಯಾವಿನ್ ನ್ಯೂಸಮ್ ಮತ್ತು ರಿಪಬ್ಲಿಕನ್ ಪಕ್ಷದ ಜಾನ್ ಕಾಕ್ಸ್. ಸೆನೆಟ್ ಸೀಟಿಗೆ ಇನ್ನೂ ಮಜಾ: ಡಯಾನ್ ಫೈನ್‌ಸ್ಟೈನ್ ಎದುರು ಕೆವಿನ್ ಡಿ ಲಿಯಾನ್, ಇಬ್ಬರೂ ಡೆಮಾಕ್ರಟರೇ.

ನಮ್ಮ ಮನೆಯಲ್ಲಿ ಓಟು ಇದ್ದದ್ದು ಒಂದೇ. ನಮ್ಮ ಮನೆಯವರಿಗೆ ಇನ್ನೂ ಗ್ರೀನ್ ಕಾರ್ಡ್. ಓಟಿಲ್ಲದವರ ಅಭಿಪ್ರಾಯ ಎಷ್ಟು ಜೋರಾಗಿರುತ್ತೆ ಅಂತ ಗೊತ್ತಾಗಿದ್ದು ಆ ಅಕ್ಟೋಬರ್‌ನಲ್ಲಿ. ದಿನಾ ಡಂಬಾರ್ಟನ್ ಸೇತುವೆ ದಾಟಿ ಕೆಲಸಕ್ಕೆ ಹೋಗಿ ಬರುವ ಮನುಷ್ಯ, ಪೆಟ್ರೋಲ್ ತೆರಿಗೆ ರದ್ದು ಮಾಡುವ ಪ್ರಾಪ್ 6 ಬಗ್ಗೆ ಅವರದ್ದು ಒಂದೇ ಮಾತು: "ಕಣ್ಣುಮುಚ್ಚಿ ಹೌದು ಅಂತ ಹಾಕು."

ಕಣ್ಣು ಮುಚ್ಚೋಕೆ ಬಿಡದಂತೆ ರಾಜ್ಯ ಸರ್ಕಾರದ ಮತದಾರರ ಗೈಡ್ ಅಂಚೆಯಲ್ಲಿ ಬಂತು. ಪ್ರತಿ ಪ್ರೊಪೊಸಿಷನ್‌ಗೂ ಅಟಾರ್ನಿ ಜನರಲ್ ಬರೆದ ಶೀರ್ಷಿಕೆ ಮತ್ತು ಸಾರಾಂಶ, ಶಾಸಕಾಂಗದ ವಿಶ್ಲೇಷಕರ ಲೆಕ್ಕಾಚಾರ, ಪರವಾಗಿ ಒಂದು ವಾದ, ಅದಕ್ಕೊಂದು ಪ್ರತಿವಾದ, ವಿರೋಧವಾಗಿ ಒಂದು ವಾದ, ಅದಕ್ಕೂ ಒಂದು ಪ್ರತಿವಾದ, ಕೊನೆಗೆ ಕಾನೂನಿನ ಪೂರ್ತಿ ಪಠ್ಯ, ಸಣ್ಣ ಅಕ್ಷರಗಳಲ್ಲಿ. ಈ ಗೈಡ್ ಹಿಂದಿಯಲ್ಲೂ ಸಿಗುತ್ತೆ, ಕನ್ನಡದಲ್ಲಿ ಇಲ್ಲ. ಹಿಂದಿಯದ್ದನ್ನು ತೆರೆದು ನೋಡಿದೆ. ಇಂಗ್ಲಿಷ್ ಪಠ್ಯವೇ ವಾಸಿ ಅನ್ನಿಸಿತು.

ಈ ಪ್ರೊಪೊಸಿಷನ್ ವ್ಯವಸ್ಥೆ ಬಂದದ್ದು 1911ರಲ್ಲಿ. ಸದರ್ನ್ ಪೆಸಿಫಿಕ್ ರೈಲು ಕಂಪನಿ ಶಾಸಕಾಂಗವನ್ನು ಜೇಬಿನಲ್ಲಿಟ್ಟುಕೊಂಡಿದ್ದ ಕಾಲ. ಗವರ್ನರ್ ಹೈರಮ್ ಜಾನ್ಸನ್, ಶಾಸಕರು ಮಾಡದಿದ್ದರೆ ಜನರೇ ನೇರವಾಗಿ ಕಾನೂನು ಮಾಡಲಿ ಅಂತ ಈ ದಾರಿ ತೆರೆಸಿದರು. ಕ್ಯಾಲಿಫೋರ್ನಿಯಾದ ಹೆಂಗಸರಿಗೆ ಓಟಿನ ಹಕ್ಕು ಸಿಕ್ಕಿದ್ದೂ ಅದೇ ದಿನದ ಮತದಾನದಲ್ಲಿ. ಇದು ಓದಿದಾಗ ನನಗೆ ಗೈಡ್ ಮೇಲೆ ಸ್ವಲ್ಪ ಗೌರವ ಬಂತು. ಆದರೆ 2018ರಲ್ಲಿ ಒಂದು ಸಾಮಾನ್ಯ ಕಾನೂನನ್ನು ಬ್ಯಾಲಟ್‌ಗೆ ತರಲು 3,65,880 ಸಹಿ ಬೇಕಿತ್ತು. ಅಷ್ಟು ಸಹಿಯನ್ನು ಸಂಜೆ ಹೊತ್ತು ಬಿಡುವಿದ್ದ ನಾಗರಿಕರು ಸಂಗ್ರಹಿಸೋದಿಲ್ಲ. ಕಿರಾಣಿ ಅಂಗಡಿ ಬಾಗಿಲಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ನಿಲ್ಲೋರಿಗೆ ಸಾಮಾನ್ಯವಾಗಿ ಸಹಿಗೆ ಇಷ್ಟು ಅಂತ ದುಡ್ಡು. ಕಂಪನಿಗಳ ಹಿಡಿತ ಬಿಡಿಸಲು ತೆರೆದ ಬಾಗಿಲಲ್ಲಿ ಈಗ ಕಂಪನಿಗಳೇ ಮೊದಲು ನುಗ್ಗುತ್ತವೆ.

ಹಾಗಾಗಿ ವಾದ ಓದೋಕೆ ಮುಂಚೆ ದುಡ್ಡು ಯಾರದ್ದು ಅಂತ ನೋಡೋದನ್ನ ರೂಢಿ ಮಾಡಿಕೊಂಡೆ. ಜಾಹೀರಾತಿನಲ್ಲಿ ದೊಡ್ಡ ಮೊತ್ತ ಕೊಟ್ಟವರ ಹೆಸರನ್ನು ಎದ್ದು ಕಾಣುವ ಹಾಗೆ ಹಾಕಬೇಕು ಅನ್ನೋ ಹೊಸ ಕಾನೂನು ಆ ವರ್ಷದಿಂದಲೇ ಜಾರಿಗೆ ಬಂದಿತ್ತು. ಟೀವಿಯಲ್ಲಿ ಕಣ್ಣೀರು ತುಂಬಿಕೊಂಡ ನರ್ಸ್ ಮಾತಾಡ್ತಿದ್ದರೆ ನಾನು ಅವಳ ಕಾಲಕೆಳಗಿನ ಸಾಲು ಓದ್ತಿದ್ದೆ.

ಆ ನರ್ಸ್ ಪ್ರಾಪ್ 8ರವಳು. ಡಯಾಲಿಸಿಸ್ ಕೇಂದ್ರಗಳು ನಿಗದಿತ ಖರ್ಚಿನ ಶೇಕಡ 115ಕ್ಕಿಂತ ಹೆಚ್ಚು ವಸೂಲಿ ಮಾಡಿದರೆ ಹೆಚ್ಚಿನ ಹಣ ವಾಪಸ್ ಕೊಡಬೇಕು ಅನ್ನೋದು ಪ್ರಸ್ತಾಪ. ತಂದದ್ದು ಆರೋಗ್ಯ ಕಾರ್ಮಿಕರ ಒಂದು ಯೂನಿಯನ್. ವಿರೋಧಿಸಿದ್ದು ಮುಖ್ಯವಾಗಿ ಡಾವಿಟಾ ಮತ್ತು ಫ್ರೆಸೀನಿಯಸ್ ಅನ್ನೋ ಎರಡು ಕಂಪನಿಗಳು. ವಿರೋಧದ ಪ್ರಚಾರಕ್ಕೇ 11 ಕೋಟಿ ಡಾಲರ್ ಮೀರಿ ಸುರಿದರು. ನಮ್ಮ ದೊಡ್ಡಪ್ಪ ಡಯಾಲಿಸಿಸ್‌ಗೆ ಅಂತ ಮಂಡ್ಯದಿಂದ ಮೈಸೂರಿಗೆ ವಾರಕ್ಕೆ ಮೂರು ಸಲ ಬಸ್ಸಲ್ಲಿ ಹೋಗಿ ಬಂದದ್ದು ನೋಡಿದ್ದೇನೆ. ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಮಲಗಿ ಎದ್ದವರಿಗೆ ಬಸ್ ಸ್ಟ್ಯಾಂಡ್ ತಲುಪೋ ತ್ರಾಣವೂ ಇರೋದಿಲ್ಲ. ಅಂಥವರನ್ನು ಮುಂದಿಟ್ಟುಕೊಂಡು ಎರಡು ಕಡೆಯವರೂ ತಮ್ಮ ಜಗಳ ಆಡ್ತಿದ್ದಾರೆ ಅನ್ನಿಸಿ ಸಿಟ್ಟು ಬಂತು. ಕಂಪನಿಗಳ ಲಾಭ ಅತಿಯಾಗಿದ್ದರೆ ಲೆಕ್ಕಪತ್ರ ತರಿಸಿ ನೋಡುವ ಅಧಿಕಾರ ಇರೋದು ಶಾಸಕಾಂಗಕ್ಕೆ, ನನಗಲ್ಲ. ಬೇಡ ಅಂತ ಹಾಕಿದೆ. ಕಂಪನಿಗಳ ಜೊತೆ ನನ್ನ ಓಟು ಸೇರಿದ್ದಕ್ಕೆ ಬೇಜಾರಿತ್ತು, ಇರಲಿ.

ಪ್ರಾಪ್ 3 ಬಂದಾಗ ಅಪ್ಪ ಒಳಗೆ ಬಂದರು, ಫೋನಿನಲ್ಲಿ. ಅಪ್ಪ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು, ಜೀವಮಾನದ ಅರ್ಧ ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಕಳೆದವರು. ಮೊದಲು ಗವರ್ನರ್ ಚುನಾವಣೆ ಅಂದಾಗಲೇ ನಕ್ಕುಬಿಟ್ಟಿದ್ದರು.

"ರಾಜ್ಯಪಾಲರಿಗೆ ಯಾರವ್ವ ಓಟ್ ಹಾಕ್ತಾರೆ? ಇಲ್ಲಿ ನಮ್ ರಾಜ್ಯಪಾಲರು ಮೇ ತಿಂಗಳಲ್ಲಿ ಆಡಿದ ಆಟ ನೋಡ್ಲಿಲ್ವ ನೀನು?"

ಆ ವರ್ಷ ಕರ್ನಾಟಕದಲ್ಲಿ ಯಾರಿಗೂ ಬಹುಮತ ಬಾರದೆ, ವಜುಭಾಯಿ ವಾಲಾ ಅವರು 104 ಸೀಟಿನ ಯಡಿಯೂರಪ್ಪನವರನ್ನು ಕರೆದು, ಸುಪ್ರೀಂ ಕೋರ್ಟ್ ಮಧ್ಯೆ ಬಂದು, ಮೂರೇ ದಿನದಲ್ಲಿ ಸರ್ಕಾರ ಬಿದ್ದ ಕಥೆ ಆಗಿನ್ನೂ ಹಸಿಯಾಗಿತ್ತು. ಇಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದಂಗೆ ಅಪ್ಪ, ಜನರೇ ನೇರವಾಗಿ ಆರಿಸೋದು ಅಂತ ಹೇಳಿದೆ. "ಹಂಗಾದ್ರೆ ರೆಸಾರ್ಟ್ ಖರ್ಚು ಉಳೀತು ಅನ್ನು" ಅಂದರು.

ಪ್ರಾಪ್ 3 ಅಂದರೆ 887.7 ಕೋಟಿ ಡಾಲರ್‌ನ ನೀರಿನ ಬಾಂಡ್. ಬಡ್ಡಿ ಸೇರಿ 40 ವರ್ಷದಲ್ಲಿ ತೀರಿಸಬೇಕಾದದ್ದು 1,730 ಕೋಟಿ ಅಂತ ಗೈಡಿನಲ್ಲೇ ಬರೆದಿತ್ತು. ಕೆರೆಕುಂಟೆ ಪುನಶ್ಚೇತನ, ಬಡ ಊರುಗಳಿಗೆ ಕುಡಿಯುವ ನೀರು, ಜಲಾನಯನ ಪ್ರದೇಶದ ರಕ್ಷಣೆ, ಓದ್ತಾ ಹೋದರೆ ಎಲ್ಲ ಒಳ್ಳೆಯದೇ. ನಡುವೆ ಒಂದು ಕಡೆ 75 ಕೋಟಿ ಡಾಲರ್ ಫ್ರಿಯಾಂಟ್-ಕರ್ನ್ ಕಾಲುವೆ ಸುತ್ತಮುತ್ತಲಿನ ದುರಸ್ತಿಗೆ. ಅದು ಸೆಂಟ್ರಲ್ ವ್ಯಾಲಿಯ ತೋಟಗಳಿಗೆ ನೀರುಣಿಸುವ ಫೆಡರಲ್ ಸರ್ಕಾರದ ಕಾಲುವೆ. ಅಂತರ್ಜಲವನ್ನು ಪಂಪ್ ಹಚ್ಚಿ ಮಿತಿಮೀರಿ ಎತ್ತಿದ್ದಕ್ಕೆ ನೆಲವೇ ಕುಸಿದು, ಕಾಲುವೆ ನಡುಭಾಗದಲ್ಲಿ ಜಗ್ಗಿ, ಮುಂದಕ್ಕೆ ನೀರು ಹರಿಯೋದು ಕಡಿಮೆಯಾಗಿತ್ತು.

ಅಪ್ಪನಿಗೆ ಇಷ್ಟು ಹೇಳಿದ್ದೇ ತಡ, ಪ್ರಶ್ನೆ ಮೇಲೆ ಪ್ರಶ್ನೆ. ಕಾಲುವೆಗೆ ಇಳಿಜಾರು ಎಷ್ಟಿದೆ? ಎಷ್ಟು ಮೈಲಿ ಕುಸಿದಿದೆ? ಲೈನಿಂಗ್ ಎತ್ತರಿಸ್ತಾರೋ, ಪಕ್ಕಕ್ಕೆ ಹೊಸದು ತೋಡ್ತಾರೋ? ನನಗೆಲ್ಲಿ ಗೊತ್ತು. ಕೊನೆಗೆ ಅವರೇ ಅಂದರು: "ಅಲ್ಲ ಕಣವ್ವ, ಬೋರ್ ಹೊಡ್ಸಿ ಹೊಡ್ಸಿ ನೆಲ ಕುಸುದ್ರೆ, ಅದನ್ನ ಎತ್ತಿ ಕಟ್ಟೋಕೆ ಊರ್ನೋರೆಲ್ಲ ಸಾಲ ತೀರಿಸ್ಬೇಕ? ಬೋರ್ ನಿಲ್ಸಿ ಅಂತ ಆ ಕಾಗದದಲ್ಲಿ ಬರದವ್ರಾ?"

ಆ ಬಾಂಡಿನಲ್ಲಿ ಹಾಗೆ ಬರೆದಿರಲಿಲ್ಲ. ಅಂತರ್ಜಲ ನಿಯಂತ್ರಣದ ಕಾನೂನು 2014ರಲ್ಲೇ ಬಂದಿದ್ದರೂ ಅದರ ಗಡುವು 2040ರವರೆಗೆ ಎಳೆದುಕೊಂಡಿದೆ. ಸಿಯೆರಾ ಕ್ಲಬ್‌ನಂಥ ಪರಿಸರ ಸಂಘಟನೆಯೂ ಈ ಬಾಂಡನ್ನು ವಿರೋಧಿಸಿತ್ತು. ಬಾಂಡಿನಿಂದ ದುಡ್ಡು ಸಿಗುವವರೇ ಪ್ರಚಾರಕ್ಕೆ ದುಡ್ಡು ಕೊಟ್ಟಿದ್ದಾರೆ ಅನ್ನೋ ಆರೋಪವೂ ಇತ್ತು. ಬೇಡ ಅಂತ ಹಾಕಿದೆ. ಮನೆ ಕಟ್ಟಲು 400 ಕೋಟಿಯ ಪ್ರಾಪ್ 1, ಮಾನಸಿಕ ಅಸ್ವಸ್ಥರ ವಸತಿಗೆ ಈಗಾಗಲೇ ಇರುವ ತೆರಿಗೆ ಹಣ ಬಳಸುವ ಪ್ರಾಪ್ 2, ಮಕ್ಕಳ ಆಸ್ಪತ್ರೆಗಳ ಪ್ರಾಪ್ 4, ಈ ಮೂರಕ್ಕೂ ಹೌದು. ಅವುಗಳ ಬಗ್ಗೆ ನನಗೆ ಹೆಚ್ಚು ತಕರಾರಿರಲಿಲ್ಲ.

ಇನ್ನು ಪ್ರಾಪ್ 6, ಅಂದರೆ ಮನೆಯೊಳಗಿನ ಯುದ್ಧ. 2017ರ ಒಂದು ಕಾನೂನು ಪೆಟ್ರೋಲಿಗೆ ಗ್ಯಾಲನ್‌ಗೆ 12 ಸೆಂಟ್ ತೆರಿಗೆ ಏರಿಸಿ, ವಾಹನದ ಬೆಲೆ ನೋಡಿ ವರ್ಷಕ್ಕೆ 25ರಿಂದ 175 ಡಾಲರ್ ಶುಲ್ಕ ಹಾಕಿತ್ತು. ರಸ್ತೆ, ಸೇತುವೆ, ಬಸ್ಸು ರೈಲಿಗೆ ಅಂತ ವರ್ಷಕ್ಕೆ ಸುಮಾರು 500 ಕೋಟಿ ಡಾಲರ್. ಅದನ್ನು ತೆಗೆದುಹಾಕೋದೇ ಪ್ರಾಪ್ 6. ಆದರೆ ಬ್ಯಾಲಟ್ ಮೇಲಿನ ಶೀರ್ಷಿಕೆ ಶುರುವಾಗೋದೇ 'ಕೆಲವು ರಸ್ತೆ ದುರಸ್ತಿ ಮತ್ತು ಸಾರಿಗೆ ನಿಧಿಯನ್ನು ಕೊನೆಗೊಳಿಸುತ್ತದೆ' ಅಂತ. ತೆರಿಗೆಯ ಮಾತು ಆಮೇಲೆ. ನಮ್ಮ ಮನೆಯವರು ಅದನ್ನು ತೋರಿಸಿ, "ನೋಡು, ಅಟಾರ್ನಿ ಜನರಲ್ ತೆರಿಗೆ ಹಾಕಿದವರ ಪಕ್ಷದವನೇ ತಾನೇ" ಅಂದರು. ಅವರ ಮಾತು ಸುಳ್ಳಲ್ಲ. ಹೌದು ಅಂದರೆ ತೆರಿಗೆ ಹೋಗುತ್ತೆ, ಬೇಡ ಅಂದರೆ ತೆರಿಗೆ ಉಳಿಯುತ್ತೆ ಅನ್ನೋದು ಆ ಶೀರ್ಷಿಕೆ ಓದಿದ ಎಷ್ಟು ಜನಕ್ಕೆ ತಟ್ಟನೆ ಹೊಳೆದಿರಬಹುದು?

ಆದರೂ ನಾನು ಲೆಕ್ಕ ಹಾಕಿದೆ. ವಾರಕ್ಕೆ 12 ಗ್ಯಾಲನ್ ಅಂದರೂ ಒಂದು ಡಾಲರ್ 44 ಸೆಂಟ್. "ರೀ, 880 ಹೈವೇ ಗುಂಡಿಗೆ ಬಿದ್ದು ಹಾಳಾದ ಟೈರಿಗೆ ಎಷ್ಟಾಯ್ತು ಹೇಳಿ" ಅಂದೆ. ಟೈರಿಗೂ ತೆರಿಗೆಗೂ ಸಂಬಂಧವಿಲ್ಲ ಅಂದರು. ಅದೇ ಸಂಬಂಧ ಅಂದೆ. ಮಗಳು ಎದ್ದು ರೂಮಿಗೆ ಹೋದಳು. ಬೇಡ ಅಂತಲೇ ಹಾಕಿದೆ.

ಪ್ರಾಪ್ 10 ಇಡೀ ಸ್ನೇಹಿತರ ಬಳಗವನ್ನೇ ಎರಡು ಮಾಡಿತು. 1995ರ ಕಾಸ್ಟಾ-ಹಾಕಿನ್ಸ್ ಕಾನೂನಿನ ಪ್ರಕಾರ ಒಂಟಿ ಮನೆಗಳಿಗೆ, 1995ರ ಫೆಬ್ರುವರಿ ನಂತರ ಕಟ್ಟಿದ ಕಟ್ಟಡಗಳಿಗೆ ಯಾವ ನಗರವೂ ಬಾಡಿಗೆ ಮಿತಿ ಹಾಕುವಂತಿಲ್ಲ. ಬಾಡಿಗೆದಾರ ಖಾಲಿ ಮಾಡಿದರೆ ಮುಂದಿನವರಿಗೆ ಎಷ್ಟು ಬೇಕಾದರೂ ಏರಿಸಬಹುದು. ಆ ಕಾನೂನು ರದ್ದು ಮಾಡಿ, ಮಿತಿ ಹಾಕೋದು ಬಿಡೋದು ನಗರಗಳ ಇಷ್ಟಕ್ಕೆ ಬಿಡಿ ಅನ್ನೋದು ಪ್ರಾಪ್ 10. ರಾಜ್ಯೋತ್ಸವದ ತಯಾರಿಗೆ ಅಂತ ಸೇರಿದ್ದ ಒಂದು ಪಾಟ್‌ಲಕ್‌ನಲ್ಲಿ, ಬಿಸಿಬೇಳೆ ಭಾತ್ ತಟ್ಟೆ ಕೈಯಲ್ಲಿಟ್ಟುಕೊಂಡೇ ವಾದ ಹತ್ತಿತು. ಟ್ರೇಸಿಯಲ್ಲಿ ಎರಡನೇ ಮನೆ ಕೊಂಡು ಬಾಡಿಗೆಗೆ ಬಿಟ್ಟಿರುವ ಗೆಳತಿ ಹೇಳಿದಳು, "ಮಿತಿ ಹಾಕಿದರೆ ಹೊಸ ಮನೆ ಯಾರೂ ಕಟ್ಟಲ್ಲ, ಇರೋದನ್ನೂ ಮಾರಿಬಿಡ್ತಾರೆ." ಅವಳ ಮಾತಿನಲ್ಲಿ ಹುರುಳಿತ್ತು. ಅರ್ಥಶಾಸ್ತ್ರಜ್ಞರಲ್ಲಿ ಬಹಳಷ್ಟು ಜನ ಹೇಳೋದೂ ಅದನ್ನೇ. ಗವರ್ನರ್ ಸ್ಥಾನಕ್ಕೆ ಕಿತ್ತಾಡುತ್ತಿದ್ದ ನ್ಯೂಸಮ್ ಮತ್ತು ಕಾಕ್ಸ್ ಒಪ್ಪಿದ ಅಪರೂಪದ ವಿಷಯವೂ ಇದೇ: ಇಬ್ಬರೂ ಪ್ರಾಪ್ 10 ಬೇಡ ಅಂದಿದ್ದರು.

ಆದರೆ ನಾನು ಬಾಡಿಗೆ ಮನೆಯವಳು. ಲೀಸ್ ಮುಗಿಯುವ ತಿಂಗಳು ಹತ್ತಿರ ಬಂದಂತೆ ಬಾಗಿಲಿಗೆ ಅಂಟಿಸುವ ಕಾಗದದ ಬಣ್ಣ ನನಗೆ ಗೊತ್ತು. ಅದರಲ್ಲಿನ ಹೊಸ ಮೊತ್ತ ನೋಡಿ, ಮಗಳ ಶಾಲೆ ಬದಲಾಗದಂತೆ ಎಲ್ಲಿ ಮನೆ ಸಿಗುತ್ತೆ ಅಂತ ಮ್ಯಾಪ್ ತೆರೆದು ಕೂತ ರಾತ್ರಿಗಳೂ ಗೊತ್ತು. ವಿರೋಧದ ಪ್ರಚಾರಕ್ಕೆ ಬ್ಲ್ಯಾಕ್‌ಸ್ಟೋನ್‌ನಂಥ ಸಂಸ್ಥೆಗಳೂ ದೊಡ್ಡ ಬಾಡಿಗೆ ಕಂಪನಿಗಳೂ ಸೇರಿ 7 ಕೋಟಿ ಡಾಲರ್ ಮೀರಿ ಹಾಕಿದ್ದವು. ಹೌದು ಅಂತ ಹಾಕಿದೆ. ಗೆಳತಿಗೆ ಅದು ಗೊತ್ತು, ಆ ಮೇಲೂ ನಮ್ಮ ಮನೆಗೆ ಬರ್ತಾಳೆ.

ಪ್ರಾಪ್ 5ಕ್ಕೆ ಮಾತ್ರ ಅವಳೂ ನಾನೂ ಒಂದೇ ಕಡೆ. 1978ರ ಪ್ರಾಪ್ 13ರಿಂದಾಗಿ ಇಲ್ಲಿ ಮನೆ ಕೊಂಡಾಗಿನ ಬೆಲೆಯ ಮೇಲೆ ಆಸ್ತಿ ತೆರಿಗೆ ನಿಂತಿರುತ್ತೆ, ಆ ಮೌಲ್ಯ ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ ಒಂದೇ ಬೀದಿಯ ಒಂದೇ ಥರದ ಎರಡು ಮನೆಗಳಲ್ಲಿ, ಎಂಬತ್ತರ ದಶಕದಲ್ಲಿ ಕೊಂಡವರು ಕಟ್ಟುವುದಕ್ಕೂ ಹೋದ ವರ್ಷ ಕೊಂಡವರು ಕಟ್ಟುವುದಕ್ಕೂ ಅಜಗಜಾಂತರ. 55 ದಾಟಿದವರು ಆ ಹಳೇ ತೆರಿಗೆಯ ಅನುಕೂಲವನ್ನು ರಾಜ್ಯದ ಯಾವ ಮೂಲೆಯ ಹೊಸ ಮನೆಗೂ, ಎಷ್ಟು ಸಲ ಬೇಕಾದರೂ ಹೊತ್ತೊಯ್ಯಬಹುದು ಅಂತಿತ್ತು ಪ್ರಾಪ್ 5. ಮುಂದಿಟ್ಟವರು ರಿಯಲ್ ಎಸ್ಟೇಟ್ ಏಜೆಂಟರ ಸಂಘ. ಶಾಲೆಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಕ್ರಮೇಣ ವರ್ಷಕ್ಕೆ ತಲಾ 100 ಕೋಟಿ ಡಾಲರ್‌ವರೆಗೂ ಖೋತಾ ಅಂತ ವಿಶ್ಲೇಷಕರ ಅಂದಾಜು. ಬೇಡ.

ಆಂಬುಲೆನ್ಸ್ ಸಿಬ್ಬಂದಿಯ ಪ್ರಾಪ್ 11ಕ್ಕೆ ಎಲ್ಲರೂ ಹೌದು ಅನ್ನುತ್ತಿದ್ದರು. ತುರ್ತು ಕರೆ ಬಂದರೆ ಊಟ ಬಿಟ್ಟು ಏಳಲಿ, ಅದರಲ್ಲೇನಿದೆ? ನನಗೆ ಸಂಶಯ ಬಂದದ್ದು, ಇದಕ್ಕೆ ದುಡ್ಡು ಹಾಕಿದ್ದು ಒಂದೇ ಆಂಬುಲೆನ್ಸ್ ಕಂಪನಿ, ಎದುರು ಕಡೆ ಹೆಚ್ಚೂಕಡಿಮೆ ಯಾರೂ ಇಲ್ಲ ಅಂತ ನೋಡಿದಾಗ. ಪಠ್ಯದ ಸಣ್ಣ ಅಕ್ಷರ ಓದಿದರೆ, ವಿರಾಮದ ಬಗ್ಗೆ ಸಿಬ್ಬಂದಿ ಆಗಲೇ ಹೂಡಿದ್ದ ಮೊಕದ್ದಮೆಗಳಿಗೂ ಈ ಕಾನೂನು ಹಿಂದಿನಿಂದ ಅನ್ವಯವಾಗುತ್ತೆ ಅಂತಿದೆ. ಬೇಡ ಅಂದೆ. ಸೋತೆ. ಹತ್ತರಲ್ಲಿ ಆರು ಜನ ಹೌದು ಅಂದಿದ್ದರು.

ಕೋಳಿಯದ್ದು ಪ್ರಾಪ್ 12. ಮೊದಲ ಹಂತದಲ್ಲಿ ಒಂದು ಕೋಳಿಗೆ ಒಂದು ಚದರ ಅಡಿ, 2022ರಿಂದ ಪಂಜರವೇ ಇಲ್ಲ; ಮರಿ ಹಾಕಲು ಸಾಕುವ ಹಂದಿಗೆ 24 ಚದರ ಅಡಿ. ನಮ್ಮೂರ ಮನೆಯಲ್ಲಿ ಕೋಳಿಗಳು ದಿನವಿಡೀ ಹಿತ್ತಲು ಕೆದಕಿ, ಸಂಜೆ ಅವಾಗಿಯೇ ಬಂದು ಮಂಕರಿಯೊಳಗೆ ಸೇರ್ತಿದ್ದವು. ಭಾನುವಾರ ಅವುಗಳಲ್ಲಿ ಒಂದು ಸಾರಾಗ್ತಿತ್ತು, ಅದು ಬೇರೆ ವಿಷಯ. ಒಂದು ಚದರ ಅಡಿ ಅಂದರೆ ಎಷ್ಟು ಅಂತ ಟೇಪ್ ಹಿಡಿದು ಅಡುಗೆಮನೆ ನೆಲದ ಮೇಲೆ ಗುರುತು ಮಾಡಿದೆ. ರೆಕ್ಕೆ ಬಿಚ್ಚುವ ಮಾತಿರಲಿ, ತಿರುಗಿ ನಿಲ್ಲೋಕೂ ಕೋಳಿ ಯೋಚಿಸಬೇಕು. ವಿಚಿತ್ರ ಅಂದರೆ ಪ್ರಾಣಿದಯೆಯವರೇ ಎರಡು ಪಾಳಯ: ಹ್ಯೂಮೇನ್ ಸೊಸೈಟಿ ಪರ, ಪೇಟಾ ವಿರೋಧ, ಇದು ಸಾಲದು ಅಂತ. ಸಾಲದ್ದಾದರೂ ಸರಿ, ಹೌದು.

ಗವರ್ನರ್ ವಿಷಯಕ್ಕೆ ಬರ್ತೇನೆ. ಇಬ್ಬರ ನಡುವೆ ನಡೆದ ಚರ್ಚೆ ಒಂದೇ, ಅಕ್ಟೋಬರ್ 8ರಂದು ಕೆಕ್ಯೂಇಡಿ ರೇಡಿಯೋದಲ್ಲಿ. ಟೀವಿಯಲ್ಲಿ ಒಂದೂ ಇಲ್ಲ. ನಾಲ್ಕು ಕೋಟಿ ಹತ್ತಿರ ಜನಸಂಖ್ಯೆಯ ರಾಜ್ಯಕ್ಕೆ ಒಂದು ಗಂಟೆಯ ರೇಡಿಯೋ ಕಾರ್ಯಕ್ರಮ! ಕಾಕ್ಸ್ ವ್ಯಾಪಾರಸ್ಥ, ಇಲಿನಾಯ್‌ನಿಂದ ಬಂದವರು, ಪೆಟ್ರೋಲ್ ತೆರಿಗೆ ರದ್ದತಿಯನ್ನೇ ತಮ್ಮ ಪ್ರಚಾರದ ಬೆನ್ನೆಲುಬು ಮಾಡಿಕೊಂಡಿದ್ದರು. ಟ್ರಂಪ್ ಬೆಂಬಲ ಘೋಷಿಸಿದ್ದರು. ಜೀವನ ದುಬಾರಿ ಅಂತ ಅವರು ಹೇಳುತ್ತಿದ್ದದ್ದು ನಿಜ. ಅದಕ್ಕೆ ಅವರ ಬಳಿ ಇದ್ದ ಮದ್ದು ಮಾತ್ರ ತೆರಿಗೆ, ನಿಯಮ ಕಡಿಮೆ ಮಾಡಿ ಅನ್ನೋದರಿಂದ ಮುಂದೆ ಹೋಗಲಿಲ್ಲ. ನ್ಯೂಸಮ್ ಸ್ಯಾನ್ ಫ್ರಾನ್ಸಿಸ್ಕೋ ಮೇಯರ್ ಆಗಿದ್ದಾಗ, 2004ರಲ್ಲಿ, ಕಾನೂನು ಇನ್ನೂ ಒಪ್ಪದಿದ್ದಾಗಲೇ ಸಲಿಂಗಿಗಳಿಗೆ ಮದುವೆ ಲೈಸೆನ್ಸ್ ಕೊಡಿಸಿದವರು. ಆ ಎದೆಗಾರಿಕೆ ನನಗೆ ಮೆಚ್ಚುಗೆ. ಮಾತಿನ ನುಣುಪು ಮೆಚ್ಚುಗೆಯಲ್ಲ. 2025ರೊಳಗೆ 35 ಲಕ್ಷ ಮನೆ ಅಂತ ಹೇಳಿದ್ದನ್ನು ಕೇಳಿ, ನಮ್ಮ ಕಡೆಯ ಪ್ರಣಾಳಿಕೆ ಓದಿದ ಹಾಗೇ ಆಯಿತು. ಪಾಟ್‌ಲಕ್‌ನಲ್ಲಿ ಒಬ್ಬರು ಎಚ್-4 ವೀಸಾದವರ (ಇಲ್ಲಿ ಕೆಲಸಕ್ಕೆ ಬಂದ ವಿದೇಶಿಯರ ಗಂಡ-ಹೆಂಡಿರ) ಕೆಲಸದ ಪರವಾನಗಿ ಏನಾಗುತ್ತೋ ಅದನ್ನ ನೋಡಿ ಓಟು ಹಾಕಿ ಅಂದರು. ಅದು ವಾಷಿಂಗ್ಟನ್ ಕೈಯಲ್ಲಿರೋದು, ಗವರ್ನರ್ ಕೈಯಲ್ಲಲ್ಲ ಅಂತ ಹೇಳಿದರೂ ಅವರು ಕೇಳಲಿಲ್ಲ. ನಾನು ನ್ಯೂಸಮ್‌ಗೆ ಹಾಕಿದೆ.

ಆಗ ಹಾಕೋದು ಅಂದರೆ ಬಾಣ ಜೋಡಿಸೋದು. ನಮ್ಮ ಕೌಂಟಿಯ ಬ್ಯಾಲಟ್‌ನಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಬಾಣದ ಬಾಲ, ಸ್ವಲ್ಪ ಜಾಗ ಬಿಟ್ಟು ತಲೆ. ನಡುವೆ ಪೆನ್ನಿನಲ್ಲಿ ಒಂದು ಗೆರೆ ಎಳೆದು ಕೂಡಿಸಬೇಕಿತ್ತು. ಎರಡೂ ಬದಿ ಮುದ್ರಿಸಿದ ಉದ್ದುದ್ದ ಕಾರ್ಡುಗಳು. ಕೈ ನಡುಗಿ ಗೆರೆ ವಾರೆಯಾದರೆ ಯಂತ್ರ ಓದುತ್ತೋ ಇಲ್ಲವೋ ಅಂತ ನನಗೆ ಭಯ, ಸ್ಕೇಲ್ ತಂದುಕೊಂಡು ಎಳೆದೆ. ಲಕೋಟೆ ಹೊರಗೆ ಸಹಿ ಬೇಕು, ನೋಂದಣಿ ಮಾಡಿದಾಗಿನ ಸಹಿಗೆ ಅದನ್ನು ತಾಳೆ ನೋಡುತ್ತಾರೆ. ನನ್ನ ಸಹಿ ಕಾಲೇಜಿನಿಂದಲೂ ಕನ್ನಡದಲ್ಲೇ. ಕೌಂಟಿಯವರು ನನ್ನ ಒತ್ತಕ್ಷರ ಹೇಗೆ ತಾಳೆ ಹಾಕಿದರೋ, ವೆಬ್‌ಸೈಟಿನಲ್ಲಿ ಆಮೇಲೆ ನೋಡಿದರೆ ಸ್ವೀಕರಿಸಲಾಗಿದೆ ಅಂತಿತ್ತು.

ಅದೇ ವಾರ, ನವೆಂಬರ್ 3ಕ್ಕೆ, ಮಂಡ್ಯದಲ್ಲೂ ಲೋಕಸಭೆ ಉಪಚುನಾವಣೆ. ಪುಟ್ಟರಾಜು ಶಾಸಕರಾಗಿ ತೆರವಾದ ಸೀಟು. ಅಪ್ಪ ಹೋಗಿ ಗುಂಡಿ ಒತ್ತಿ ಬಂದು, "ಆರು ತಿಂಗಳ ಸಂಸದನಿಗೆ ಇಷ್ಟೊಂದು ಖರ್ಚು" ಅಂತ ಗೊಣಗಿದರು. ಮರುದಿನ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಹನ್ನೆರಡೂವರೆ ಗಂಟೆಯಿದ್ದ ಅಂತರ ಹದಿಮೂರೂವರೆಯಾಗಿ, ನಾನು ಮಾಮೂಲಿ ಹೊತ್ತಿಗೆ ಫೋನ್ ಮಾಡಿದರೆ ಅಪ್ಪ ಆಗಲೇ ವಾಕಿಂಗ್ ಹೊರಟಿದ್ದರು. ಈ ತಿರುಗಿಸಾಟಕ್ಕೆ ಕೊನೆ ಹಾಡೋ ದಾರಿ ತೆರೆಯುವ ಪ್ರಾಪ್ 7ಕ್ಕೆ ನಾನು ಹೌದು ಅಂದಿದ್ದೆ, ಹನ್ನೊಂದರಲ್ಲಿ ಅತಿ ಖುಷಿಯಿಂದ ಎಳೆದ ಗೆರೆ ಅದು. ಶೇಕಡ 60ರಷ್ಟು ಜನ ಹೌದು ಅಂದರು. ಆಮೇಲೆ ಶಾಸಕಾಂಗದ ಮೂರನೇ ಎರಡರಷ್ಟು ಬಹುಮತ ಬೇಕು, ಜೊತೆಗೆ ಫೆಡರಲ್ ಒಪ್ಪಿಗೆ ಬೇಕು. ಎರಡೂ ಆಗಲಿಲ್ಲ. ಗಡಿಯಾರ ಈಗಲೂ ತಿರುಗುತ್ತಿದೆ.

ಮತದಾನದ ದಿನ ನರಕ ಚತುರ್ದಶಿ. ಎಣ್ಣೆ ಸ್ನಾನ ಮಾಡಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಲಕೋಟೆ ಡ್ರಾಪ್ ಬಾಕ್ಸ್‌ಗೆ ಹಾಕಿದೆ. ನ್ಯೂಸಮ್ ಶೇಕಡ 62ರ ಹತ್ತಿರ ಓಟು ಪಡೆದು ಗೆದ್ದರು, ರಾತ್ರಿ ಊಟದ ಹೊತ್ತಿಗೇ ಗೊತ್ತಾಯಿತು. ನೀರಿನ ಬಾಂಡ್ ಮಾತ್ರ ದಿನಗಟ್ಟಲೆ ತೂಗಾಡಿ, ಶೇಕಡ 49 ಚಿಲ್ಲರೆಗೆ ನಿಂತು ಸೋತಿತು. ಅಪ್ಪನಿಗೆ ಅದನ್ನು ಹೇಳಿದಾಗ, ತಾವೇ ಸೋಲಿಸಿದಂತೆ ಹಿಗ್ಗಿದರು. ಪ್ರಾಪ್ 6 ಸೋತದ್ದಕ್ಕೆ ಮನೆಯಲ್ಲಿ ಎರಡು ದಿನ ಮಾತು ಕಡಿಮೆ. ಪ್ರಾಪ್ 10ಕ್ಕೆ ಹೌದು ಅಂದವರು ಹತ್ತರಲ್ಲಿ ನಾಲ್ಕು ಜನ ಮಾತ್ರ.

ಇಷ್ಟೆಲ್ಲ ಓದಿ, ಗೆರೆ ಎಳೆದು, ಜನರ ತೀರ್ಮಾನವೇ ಕೊನೆಯದು ಅಂತ ಅಂದುಕೊಂಡಿದ್ದೆ. 2019ರ ಮಾರ್ಚ್‌ನಲ್ಲಿ ನ್ಯೂಸಮ್ ರಾಜ್ಯದಲ್ಲಿ ಮರಣದಂಡನೆಗಳಿಗೆ ತಡೆ ಹಾಕಿದರು. 737 ಕೈದಿಗಳ ಪ್ರಾಣ ಅವರ ಅಧಿಕಾರಾವಧಿಯವರೆಗೆ ಉಳಿಯಿತು. ಮರಣದಂಡನೆ ತೆಗೆಯಬೇಕೆ ಅಂತ 2012ರಲ್ಲಿ, 2016ರಲ್ಲಿ ಪ್ರೊಪೊಸಿಷನ್ ಇಟ್ಟು ಕೇಳಿದಾಗ ಇದೇ ಮತದಾರರು ಎರಡು ಸಲವೂ ಬೇಡ ಅಂದಿದ್ದರು. ಮರಣದಂಡನೆ ನನಗೂ ಬೇಡ, ಆ ಆದೇಶ ಓದಿ ನಿಟ್ಟುಸಿರು ಬಿಟ್ಟೆ. ಆದರೆ ನನಗೆ ಬೇಡವಾದದ್ದನ್ನು ಮುಂದೊಬ್ಬ ಗವರ್ನರ್ ಹೀಗೇ ಒಂದು ಸಹಿಯಲ್ಲಿ ಮಾಡಿದರೆ ಆಗಲೂ ಸುಮ್ಮನಿರ್ತೀಯಾ ಅಂತ ನಮ್ಮ ಮನೆಯವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಸೋತ ಪ್ರೊಪೊಸಿಷನ್‌ಗಳು ಸಾಯೋದಿಲ್ಲ ಅನ್ನೋದು ಆಮೇಲೆ ತಿಳಿಯಿತು. ಪ್ರಾಪ್ 5 ಬೇರೆ ವೇಷದಲ್ಲಿ ಪ್ರಾಪ್ 19 ಆಗಿ 2020ರಲ್ಲಿ ಬಂದು ಗೆದ್ದಿತು. ಬಾಡಿಗೆ ಮಿತಿ 2020ರಲ್ಲೂ 2024ರಲ್ಲೂ ಬಂದು ಸೋತಿತು. ಡಯಾಲಿಸಿಸ್ 2020ರಲ್ಲಿ ಪ್ರಾಪ್ 23 ಆಗಿ ಸೋತು, 2022ರಲ್ಲಿ ಪ್ರಾಪ್ 29 ಆಗಿ ಮತ್ತೆ ಬಂದು ಮತ್ತೆ ಸೋತಿತು. ಆ ಹೊತ್ತಿಗೆ ನಮ್ಮ ಮನೆಯವರಿಗೂ ಓಟು ಬಂದಿತ್ತು. ಗೈಡ್ ತೆರೆದು, ದೊಡ್ಡಪ್ಪನನ್ನೇ ನೆನೆಸಿಕೊಂಡು, ಯಾರಾದರೂ ಆ ಕಂಪನಿಗಳನ್ನ ಹಿಡಿಯಲೇಬೇಕು ಅಂತ ಹೌದು ಅಂತ ಹಾಕಿದರು. ನಾನು ಅದೇ ದೊಡ್ಡಪ್ಪನನ್ನು ನೆನೆಸಿಕೊಂಡು ಮೂರನೇ ಸಲ ಬೇಡ ಅಂತ ಹಾಕಿದೆ. ಆ ಸಾಲಿನ ಮಟ್ಟಿಗೆ ನಮ್ಮ ಮನೆಯ ಲೆಕ್ಕ ಸೊನ್ನೆ.